ಹದಿನಾರರ ಮಕ್ಕಳಿಗೆ ಯಾವ ವಾರ್ಡು?

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಒಂದು ಜಿಲ್ಲೆಗೆ ವರ್ಷಕ್ಕೆ ಸಿಗಬಹುದಾದ ಹೆಚ್ಚೆಂದರೆ ಹೆಚ್ಚು ಅನುದಾನ 83.2 ಲಕ್ಷ ರೂಪಾಯಿ. ಜಿಲ್ಲಾ ಮಟ್ಟದಲ್ಲಿ ಒಳರೋಗಿಗಳಿಗೆ ಅದೇ ಕಾರ್ಯಕ್ರಮ ಹೇಳುವ ಹಾಸಿಗೆ ಹತ್ತು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26 ಲಕ್ಷ 78 ಸಾವಿರ. ಅನುದಾನ ಪೂರ್ತಿ ಬಂತು ಎಂದೇ ಇಟ್ಟುಕೊಂಡು ಭಾಗಿಸಿ ನೋಡಿ: ತಲೆಗೆ ವರ್ಷಕ್ಕೆ ಮೂರು ರೂಪಾಯಿ ಚಿಲ್ಲರೆ. ಬೆಳಗಾವಿಯ ಜನಸಂಖ್ಯೆ ಅದೇ ಗಣತಿಯಲ್ಲಿ 47 ಲಕ್ಷ 79 ಸಾವಿರ. ಅಲ್ಲಿ ಎರಡು ರೂಪಾಯಿಯೂ ಬೀಳುವುದಿಲ್ಲ.

ನಾನು ಈ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ಉತ್ತರ ಕರ್ನಾಟಕದ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ. ನೌಕರಿ ಗುತ್ತಿಗೆಯದು, ವರ್ಷ ವರ್ಷ ನವೀಕರಣ. ಡಾಕ್ಟರು ಮಾತ್ರೆ ಬರೆಯುತ್ತಾರೆ, ಸಿಸ್ಟರು ಕೊಡುತ್ತಾರೆ. ಮನೆಯವರನ್ನು ಕೂರಿಸಿಕೊಂಡು ಮಾತಾಡುವುದು, ಕಾಲೇಜಿಗೆ ಫೋನು ಮಾಡುವುದು, ರೇಷನ್ ಕಾರ್ಡು ಇದೆಯೇ ಎಂದು ಕೇಳುವುದು, ಯಾವ ವಾರ್ಡಿನಲ್ಲಿ ಬೆಡ್ ಖಾಲಿ ಇದೆ ಎಂದು ಹುಡುಕಿಕೊಂಡು ಅಲೆಯುವುದು ನನ್ನ ಪಾಲಿನ ಕೆಲಸ. ಈ ಬರಹ ಆ ಕೊನೆಯ ಕೆಲಸದ ಬಗ್ಗೆ. ಹದಿಮೂರು ದಾಟಿದ, ಹದಿನೆಂಟು ತುಂಬದ ಮಕ್ಕಳನ್ನು ಒಳರೋಗಿಯಾಗಿ ಸೇರಿಸಿಕೊಳ್ಳಬೇಕಾಗಿ ಬಂದಾಗ ಏನಾಗುತ್ತದೆ ಎನ್ನುವುದರ ಬಗ್ಗೆ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಹದಿನಾರು ವಯಸ್ಸು, ಪಿಯುಸಿ ಮೊದಲ ವರ್ಷ, ಸೈನ್ಸು. ಊರು ಬಿಟ್ಟು ಪೇಟೆಯ ಹಾಸ್ಟೆಲ್ಲಿನಲ್ಲಿದ್ದಳು. ದೀಪಾವಳಿ ರಜೆಗೆ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಒ.ಪಿ.ಡಿ.ಯಲ್ಲಿ ಅವಳ ತಾಯಿ ಹೇಳಿದ್ದು ಇಷ್ಟು: "ಹತ್ತ ದಿನಾ ಆತ್ರಿ, ನೆಟ್ಟಗ ಒಂದ ತುತ್ತ ಬಾಯಾಗ ಹಾಕ್ಕೊಂಡಿಲ್ಲ. ಮಾತ ಬಿಟ್ಟಾಳ. ಮೊದಲ ಹಿಂಗ ಇರಲಿಲ್ರಿ." ಹುಡುಗಿ ಗೋಡೆ ಕಡೆ ಮುಖ ಮಾಡಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ತಾಯಿ ಹೊರಗೆ ಹೋದ ಮೇಲೆ ಬಹಳ ಹೊತ್ತಿಗೆ ಒಂದು ಮಾತಾಡಿದಳು, ತಾನು ಇರಬಾರದು ಅನ್ನಿಸುತ್ತದೆ ಎಂದು. ತೀವ್ರ ಖಿನ್ನತೆ. ಮನೆಗೆ ಕಳಿಸುವ ಹಾಗಿರಲಿಲ್ಲ.

ಅಪ್ರಾಪ್ತರನ್ನು ಸೇರಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಮು ಒಂದು ಕ್ರಮ ಹಾಕಿಕೊಟ್ಟಿದೆ. ಪೋಷಕರು ಅರ್ಜಿ ಕೊಡಬೇಕು. ಇಬ್ಬರು ಮನೋವೈದ್ಯರು, ಇಲ್ಲವೇ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಬೇರೆ ಬೇರೆಯಾಗಿ ಮಗುವನ್ನು ನೋಡಿ, ದಾಖಲು ಮಾಡುವುದು ಅನಿವಾರ್ಯ ಎಂದು ಇಬ್ಬರಿಗೂ ಅನ್ನಿಸಬೇಕು. ನಮ್ಮಂಥ ಜಿಲ್ಲೆಗಳಲ್ಲಿ ಮನೋವೈದ್ಯರು ಒಬ್ಬರೇ ಇರುವುದರಿಂದ ಎರಡನೆಯ ಸಹಿ ಎಷ್ಟೋ ಸಲ ನನ್ನದೇ. ಮಗುವನ್ನು ದೊಡ್ಡವರಿಂದ ಬೇರೆ ಇಡಬೇಕು. ಅದರ ವಯಸ್ಸಿಗೆ ತಕ್ಕ ವಾತಾವರಣ ಇರಬೇಕು. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದ ಮಕ್ಕಳಿಗೆ ಸಿಗುವ ಮಟ್ಟದ ಸೌಕರ್ಯವಾದರೂ ಸಿಗಬೇಕು. ಮನೆಯವರೊಬ್ಬರು ಉದ್ದಕ್ಕೂ ಜೊತೆಗಿರಬೇಕು; ಹೆಣ್ಣುಮಗುವಾಗಿದ್ದು ಪೋಷಕರು ಗಂಡಸಾಗಿದ್ದರೆ ಹೆಂಗಸೊಬ್ಬರು ಇರಲೇಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಮೂವತ್ತು ದಿನ ದಾಟಿದರೆ ಮಂಡಳಿ ಕಡ್ಡಾಯವಾಗಿ ಪರಿಶೀಲಿಸಬೇಕು. ಇದನ್ನು ಬರೆದವರು ಮಕ್ಕಳನ್ನು ಬಲ್ಲವರು ಎಂದು ಓದಿದಾಗಲೆಲ್ಲ ನನಗೆ ಅನ್ನಿಸಿದೆ.

ಅರ್ಜಿ ಆಯಿತು, ಎರಡೂ ಸಹಿ ಆದವು. ಹುಡುಗಿಯನ್ನು ಮಲಗಿಸುವುದು ಎಲ್ಲಿ? ನಮ್ಮ ಹತ್ತು ಹಾಸಿಗೆಯಲ್ಲಿ ಅರ್ಧ ಹೆಂಗಸರದು. ಅವತ್ತು ಅಲ್ಲಿ ಒಬ್ಬರು ಉನ್ಮಾದದಲ್ಲಿ ಹಗಲು ರಾತ್ರಿ ಹಾಡುತ್ತ ಕೂಗುತ್ತ ಇದ್ದರು. ಇನ್ನೊಬ್ಬರು ಬಾಣಂತಿ, ಕೂಸನ್ನು ಮುಟ್ಟಲು ಹೆದರುತ್ತಿದ್ದರು. ಮಕ್ಕಳ ವಾರ್ಡಿಗೆ ಹೋದೆ. ಅಲ್ಲಿಯ ಸಿಸ್ಟರು ಒಳ್ಳೆಯವರೇ. "ಮೇಡಂ, ಹದಿನಾರು ಅಂದ್ರ ನಮ್ಮ ಕಡೆ ಬರಂಗಿಲ್ಲ. ಇಲ್ಲಿ ಎಳೆ ಕೂಸು ಅದಾವು, ರಾತ್ರಿ ಪಾಳಿಗೆ ನಾ ಒಬ್ಬಾಕಿ. ಏನರ ಹೆಚ್ಚು ಕಮ್ಮಿ ಆದ್ರ ಯಾರು ನೋಡಬೇಕ್ರಿ?" ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮಕ್ಕಳ ವಾರ್ಡು ಹನ್ನೆರಡು ಹದಿನಾಲ್ಕಕ್ಕೆ ಮುಗಿಯುತ್ತದೆ, ದೊಡ್ಡವರ ವಾರ್ಡು ಹದಿನೆಂಟಕ್ಕೆ ಶುರುವಾಗಬೇಕು ಎನ್ನುತ್ತದೆ ಕಾಯ್ದೆ. ನಡುವಿನವರಿಗೆ ಅತ್ತ ದರಿ, ಇತ್ತ ಪುಲಿ.

ಕೊನೆಗೆ ಹೆಂಗಸರ ವಾರ್ಡಿನ ಮೂಲೆಯ ಮಂಚವನ್ನೇ ಗೋಡೆಗೆ ಸರಿಸಿ, ಎರಡು ಬೆಡ್‌ಶೀಟು ಕಟ್ಟಿ ಮರೆ ಮಾಡಿಕೊಟ್ಟೆವು. ಡ್ರಿಪ್ ಹಾಕಿದರು. ತಾಯಿ ಮಂಚದ ಕೆಳಗೆ ಚಾಪೆ ಹಾಸಿಕೊಂಡರು. ಆ ರಾತ್ರಿ ಪಕ್ಕದ ಮಂಚದವರು ಮರೆ ಸರಿಸಿ ಹುಡುಗಿಯ ಕೈ ಹಿಡಿದು ಎಳೆದಿದ್ದಾರೆ. ಆಕೆಯ ಕಾಯಿಲೆಯ ಭರ ಅದು, ಬೇಕೆಂದು ಮಾಡಿದ್ದಲ್ಲ. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಹುಡುಗಿಯ ಅಜ್ಜಿ ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ನಿಂತಿದ್ದರು. "ಅಕ್ಕಾರ, ಇದನ್ನೆಲ್ಲಾ ನೋಡಿ ಹುಡಿಗಿ ಮತ್ತಷ್ಟು ಹೆದರ್ಯಾಳ. ನಮ್ಮನ್ನ ಬಿಟ್ಟಬಿಡ್ರಿ, ಊರಿಗೆ ಹೋಗ್ತೀವಿ." ಡಾಕ್ಟರು ಧಾರವಾಡಕ್ಕೆ ಬರೆದುಕೊಡುತ್ತೇನೆ ಎಂದರು. ಅಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ಡಿಮ್ಹಾನ್ಸ್ ಇದೆ. ಅಜ್ಜಿ ಒಪ್ಪಲಿಲ್ಲ. ಸಲಹೆ ಮೀರಿ ಕರೆದೊಯ್ಯುತ್ತಿದ್ದೇವೆ ಎಂದು ಹೆಬ್ಬೆಟ್ಟು ಒತ್ತಿ ಹೋದರು. ಆಮೇಲೆ ಆ ಊರಿನ ಆಶಾ ಕಾರ್ಯಕರ್ತೆ ದಿನ ಬಿಟ್ಟು ದಿನ ಮನೆಗೆ ಹೋಗಿ ಮಾತ್ರೆ ನುಂಗಿಸಿದರು, ನಾನು ಫೋನಿನಲ್ಲಿ ಮಾತಾಡಿಸಿದೆ. ಹುಡುಗಿ ನಿಧಾನವಾಗಿ ಚೇತರಿಸಿಕೊಂಡಳು. ಆಶಾ ಗಟ್ಟಿಗಿತ್ತಿಯಾಗಿದ್ದಕ್ಕೆ ಹಾಗಾಯಿತು. ಆಸ್ಪತ್ರೆ ಮಾಡಬೇಕಾದ ಕೆಲಸವನ್ನು ಗೌರವಧನದ ಮೇಲೆ ದುಡಿಯುವ ಒಬ್ಬ ಹೆಣ್ಣುಮಗಳು ಮಾಡಿದಳು.

ಇಂಥ ಮಕ್ಕಳು ಎಷ್ಟು ಜನ? ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಕಂಡುಕೊಂಡಿತು. ದೇಶದಾದ್ಯಂತ ಆ ವಯಸ್ಸಿನ ಸುಮಾರು 98 ಲಕ್ಷ ಮಕ್ಕಳಿಗೆ ನೆರವು ಬೇಕು ಎಂದು ಅದರ ಅಂದಾಜು. ಹಳ್ಳಿಗಳಲ್ಲಿ ಪ್ರಮಾಣ 6.9, ಮಹಾನಗರಗಳಲ್ಲಿ 13.5. ಮಾನಸಿಕ ಕಾಯಿಲೆಗಳಲ್ಲಿ ಅರ್ಧದಷ್ಟು ಹದಿನಾಲ್ಕರ ವಯಸ್ಸಿನೊಳಗೇ ಮೊಳೆತಿರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಗಳಿಂದ ಹೇಳುತ್ತ ಬಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ಹೋದ ವಿದ್ಯಾರ್ಥಿಗಳು 13,044. ಈ ಕೊನೆಯ ಅಂಕಿಯನ್ನು ನಾನು ಕಾಲೇಜುಗಳಲ್ಲಿ ಭಾಷಣ ಮಾಡುವಾಗ ಹೇಳುವುದಿಲ್ಲ. ಮಕ್ಕಳೆದುರು ಹೇಳುವ ಅಂಕಿ ಅದಲ್ಲ. ದುಡ್ಡು ಮಂಜೂರು ಮಾಡುವವರೆದುರು ಹೇಳಬೇಕಾದದ್ದು.

ಒಂದು ಮಾತು ಸ್ಪಷ್ಟಪಡಿಸಬೇಕು. ಈ 98 ಲಕ್ಷ ಮಕ್ಕಳೆಲ್ಲ ಆಸ್ಪತ್ರೆಯಲ್ಲಿ ಮಲಗಬೇಕಾದವರಲ್ಲ. ಹೆಚ್ಚಿನವರಿಗೆ ಬೇಕಾದದ್ದು ನಂಬಿಕೆಯಿಂದ ಮಾತಾಡಬಹುದಾದ ಒಬ್ಬರು ಆಪ್ತಸಮಾಲೋಚಕರು, ಗದರದ ಮನೆ, ಕೆಲವರಿಗೆ ಕೆಲವು ತಿಂಗಳು ಮಾತ್ರೆ. ಊರಿನಲ್ಲಿ, ಮನೆಯಲ್ಲಿ ಸಿಗಬಹುದಾದ ಆರೈಕೆ ಯಾವುದೂ ಸಾಲದು ಎಂದಾದಾಗ ಮಾತ್ರ ಅಪ್ರಾಪ್ತರನ್ನು ದಾಖಲಿಸಿ ಎಂದು ಕಾಯ್ದೆಯೂ ಹೇಳುತ್ತದೆ. ಹಾಸಿಗೆ ಬೇಕಾಗುವುದು ಕೆಲವರಿಗೆ: ಅನ್ನ ನೀರು ಬಿಟ್ಟವರಿಗೆ, ಜೀವಕ್ಕೆ ಅಪಾಯ ಇರುವವರಿಗೆ, ಮೊದಲ ಬಾರಿ ಚಿತ್ತವಿಕಲತೆ ಕಾಣಿಸಿಕೊಂಡು ಇಲ್ಲದ ದನಿ ಕೇಳಿ ಹೆದರಿ ಮನೆ ಬಿಟ್ಟು ಓಡುವವರಿಗೆ, ಉನ್ಮಾದ ಏರಿದವರಿಗೆ. ಎರಡರಿಂದ ನಾಲ್ಕು ವಾರ ಸರಿಯಾಗಿ ನೋಡಿಕೊಂಡರೆ ಇವರಲ್ಲಿ ಬಹಳಷ್ಟು ಮಂದಿ ಮತ್ತೆ ತರಗತಿಯ ಬೆಂಚಿನ ಮೇಲೆ ಹೋಗಿ ಕೂರುತ್ತಾರೆ. ಆ ವಾರಗಳು ಕೈತಪ್ಪಿದರೆ ಕಾಯಿಲೆ ಬೇರು ಬಿಡುತ್ತದೆ. ಓದು ನಿಲ್ಲುತ್ತದೆ, ಹೆಣ್ಣುಮಕ್ಕಳಿಗೆ ಅವಸರದಲ್ಲಿ ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಇಂಥ ಮದುವೆ ಮುರಿದು ಮಗುವಿನ ಸಮೇತ ತವರಿಗೆ ಬಂದವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮಂಚ, ಹಾಸಿಗೆ ತಂದಿಟ್ಟರೆ ವಾರ್ಡು ಆಗುವುದಿಲ್ಲ. ಅಪಾಯದಲ್ಲಿರುವ ಮಗುವಿನ ಮೇಲೆ ಮೂರೂ ಪಾಳಿಯಲ್ಲಿ ಕಣ್ಣಿಡುವ ನರ್ಸ್ ಬೇಕು. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಬೇಕು. ಔಷಧಿಯ ಕಪಾಟಿಗೆ ಬೀಗ ಇರಬೇಕು. ಜೊತೆಗಿರುವ ತಾಯಿಗೆ ಮಲಗಲು ಇನ್ನೊಂದು ಮಂಚ, ಊಟ, ಬಟ್ಟೆ ಒಗೆಯಲು ಒಂದು ಜಾಗ ಬೇಕು. ಹಗಲಲ್ಲಿ ಮಗು ಸುಮ್ಮನೆ ಸೂರು ನೋಡುತ್ತ ಬಿದ್ದಿರಬಾರದು. ಕೇರಂ ಬೋರ್ಡು, ಪುಸ್ತಕ, ಓಡಾಡಲು ಅಂಗಳ, ದಿನಕ್ಕೊಮ್ಮೆ ಮಾತಾಡಿಸುವ ಮನಶ್ಶಾಸ್ತ್ರಜ್ಞರು ಬೇಕು. ಕಟ್ಟಡಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು. ಈ ಮನುಷ್ಯರಿಗೆ ತಿಂಗಳು ತಿಂಗಳು ಕೊಡಬೇಕು. ನಮ್ಮಲ್ಲಿ ಫಲಕ ಹಾಕಿ ಉದ್ಘಾಟಿಸುವ ಖರ್ಚಿಗೆ ಒಪ್ಪಿಗೆ ಬೇಗ ಸಿಗುತ್ತದೆ. ರಾತ್ರಿ ಪಾಳಿಯ ನರ್ಸ್ ಹುದ್ದೆಗೆ ಸಿಗುವುದಿಲ್ಲ.

ಮನೆಯವರು ಜೊತೆಗಿರಬೇಕು ಎನ್ನುವುದು ನಮ್ಮ ದೇಶದ ಮನೋವೈದ್ಯರು ಕಂಡುಕೊಂಡ ಒಳ್ಳೆಯ ದಾರಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅವರು ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಉಳಿಸಿಕೊಂಡರು. ರೋಗಿ ಬೇಗ ಗುಣವಾಗುವುದನ್ನೂ ಮನೆಯವರ ಭಯ ಕಳೆಯುವುದನ್ನೂ ಕಂಡರು. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗದಲ್ಲೂ ತಂದೆ ಅಥವಾ ತಾಯಿ ಮಗುವಿನ ಜೊತೆ ವಾರ್ಡಿನಲ್ಲೇ ಇರುತ್ತಾರೆ. ನಾನು ಕಳಿಸಿದ ಒಬ್ಬ ಐಟಿಐ ಹುಡುಗ ಅಲ್ಲಿದ್ದು ಬಂದ. ಅವನ ಅಪ್ಪ ಹಮಾಲಿ. ಮಗನ ಜೊತೆ ಅಲ್ಲಿದ್ದಷ್ಟು ದಿನ ಡಾಕ್ಟರು ತನ್ನನ್ನೂ ಕೂರಿಸಿಕೊಂಡು ಮಾತಾಡಿದರು, ಮಾತ್ರೆ ಯಾಕೆ ನಿಲ್ಲಿಸಬಾರದು ಎಂದು ತಿಳಿಹೇಳಿದರು, ಮಗನಿಗೆ ಸಿಟ್ಟು ಬಂದಾಗ ಏನು ಮಾಡಬೇಕೆಂದು ಹೇಳಿಕೊಟ್ಟರು ಎಂದು ಆತ ಹೇಳುವಾಗ ಮುಖ ಅರಳಿತ್ತು. ಆ ಹುಡುಗ ಈಗ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಆದರೆ ಅದಕ್ಕಾಗಿ ಅಪ್ಪ ಅಷ್ಟು ದಿನದ ಕೂಲಿ ಕಳೆದುಕೊಂಡ, ಸಾಲ ಮಾಡಿದ, ಮನೆಯಲ್ಲಿ ಹೆಂಡತಿ ಒಬ್ಬಳೇ ಉಳಿದ ಇಬ್ಬರು ಮಕ್ಕಳನ್ನು ನೋಡಿಕೊಂಡಳು. ಇದೇ ಆರೈಕೆ ಜಿಲ್ಲೆಯಲ್ಲಿ ಸಿಕ್ಕಿದ್ದರೆ ಸಂಜೆ ಕೆಲಸ ಮುಗಿಸಿ ಬಂದು ಮಗನ ಜೊತೆ ಮಲಗುತ್ತಿದ್ದ.

ಇನ್ನು ದುಡ್ಡಿನ ವಿಷಯ. 2024–25ರ ಕೇಂದ್ರ ಬಜೆಟ್ಟಿನಲ್ಲಿ ಆರೋಗ್ಯ ಸಚಿವಾಲಯಕ್ಕೆ ಇಟ್ಟ ಹಣ ಸುಮಾರು 90,958 ಕೋಟಿ. ಅದರಲ್ಲಿ ನಿಮ್ಹಾನ್ಸ್‌ಗೆ 850 ಕೋಟಿ, ಅಸ್ಸಾಮಿನ ತೇಜ್‌ಪುರದ ಸಂಸ್ಥೆಗೆ 64 ಕೋಟಿ, ಟೆಲಿ ಮಾನಸ್ ಸಹಾಯವಾಣಿಗೆ 90 ಕೋಟಿ. ಮೂರನ್ನೂ ಕೂಡಿದರೆ 1,004 ಕೋಟಿ, ಅಂದರೆ ನೂರು ರೂಪಾಯಿಯಲ್ಲಿ ಒಂದು ರೂಪಾಯಿ ಹತ್ತು ಪೈಸೆ. ಇದರ ಬಹುಪಾಲು ನಿಮ್ಹಾನ್ಸ್‌ಗೆ ಹೋಗುವುದನ್ನು ನೋಡಿ ಕೆಲವರು ತಕರಾರು ತೆಗೆಯುತ್ತಾರೆ. ನಾನು ತೆಗೆಯುವುದಿಲ್ಲ. ದೇಶಕ್ಕೆ ಮನೋವೈದ್ಯರನ್ನು, ಮನೋವೈದ್ಯಕೀಯ ನರ್ಸುಗಳನ್ನು, ನನ್ನಂಥವರನ್ನು ತಯಾರು ಮಾಡುವ ಸಂಸ್ಥೆ ಅದು. ಅಲ್ಲಿಂದ ಒಂದು ರೂಪಾಯಿ ಕಿತ್ತು ಜಿಲ್ಲೆಗೆ ಕೊಡಿ ಎನ್ನುವುದು ಸಲ್ಲದು. ಕೇಳಬೇಕಾದದ್ದು ಜಿಲ್ಲೆಯ ಪಾಲು ಯಾಕೆ ಇಷ್ಟು ಸಣ್ಣದು ಎಂದು.

ಜಿಲ್ಲೆಯ ಹಣ ಬರುವ ದಾರಿಯೇ ಬೇರೆ. ಅದು ರಾಷ್ಟ್ರೀಯ ಆರೋಗ್ಯ ಅಭಿಯಾನದ ಮೂಲಕ ಬರುತ್ತದೆ, ಕೇಂದ್ರ 60, ರಾಜ್ಯ 40ರ ಲೆಕ್ಕದಲ್ಲಿ. ಜಿಲ್ಲೆಯಿಂದ ಬೇಡಿಕೆ ಹೋಗಬೇಕು, ರಾಜ್ಯ ಅದನ್ನು ಪಿಐಪಿ ಎನ್ನುವ ಯೋಜನಾ ಪಟ್ಟಿಯಲ್ಲಿ ಸೇರಿಸಿ ದೆಹಲಿಗೆ ಕಳಿಸಬೇಕು, ದೆಹಲಿ ಚರ್ಚಿಸಿ ಒಪ್ಪಬೇಕು, ಒಪ್ಪಿದ ಹಣ ರಾಜ್ಯಕ್ಕೆ, ಅಲ್ಲಿಂದ ಜಿಲ್ಲಾ ಆರೋಗ್ಯ ಸಂಘಕ್ಕೆ ಇಳಿಯಬೇಕು. ಏಪ್ರಿಲ್‌ನಲ್ಲಿ ಶುರುವಾಗುವ ಆರ್ಥಿಕ ವರ್ಷದ ದುಡ್ಡು ಮಳೆಗಾಲ ಮುಗಿದ ಮೇಲೆ ಬಂದದ್ದಿದೆ. ಬಂದದ್ದನ್ನು ಮಾರ್ಚ್ ಒಳಗೆ ಖರ್ಚು ಮಾಡಬೇಕು. ಆಗಲಿಲ್ಲವೆಂದರೆ ಮುಂದಿನ ಬೇಡಿಕೆಯಲ್ಲಿ, ಕೊಟ್ಟದ್ದನ್ನೇ ಖರ್ಚು ಮಾಡಿಲ್ಲವಲ್ಲ ಎಂದು ಕತ್ತರಿ ಬೀಳುತ್ತದೆ. ದೇವರು ಕೊಟ್ಟರೂ ಪೂಜಾರಿ ಬಿಡ ಎನ್ನುವ ಗಾದೆ ಇಂಥ ಕಡೆಯೇ ಹುಟ್ಟಿರಬೇಕು. ಸಂಬಳ, ಔಷಧಿ, ತರಬೇತಿ, ಪ್ರಚಾರ, ಓಡಾಟ ಹೀಗೆ ತಲೆಬರಹ ಬೇರೆ ಬೇರೆ. ಒಂದರ ಹಣವನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಹದಿಹರೆಯದವರ ವಾರ್ಡು ಎನ್ನುವ ತಲೆಬರಹ ನಮ್ಮ ಪಟ್ಟಿಯಲ್ಲಿ ನಾನು ಇಷ್ಟು ವರ್ಷ ನೋಡಿಲ್ಲ. ತಲೆಬರಹವೇ ಇಲ್ಲದ ಖರ್ಚಿಗೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ.

ಇದೆಲ್ಲ ಕರ್ನಾಟಕದಲ್ಲಿ ನಡೆಯುತ್ತಿರುವುದು ನನಗೆ ಹೆಚ್ಚು ನೋವಿನ ಸಂಗತಿ. ಜಿಲ್ಲೆಯಲ್ಲೇ ಮಾನಸಿಕ ಆರೋಗ್ಯ ಎನ್ನುವ ವಿಚಾರ ಬೆಳೆದದ್ದು ನಮ್ಮ ನೆಲದಲ್ಲಿ. 1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಕೇಂದ್ರ ತೆರೆದು, ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮಾನಸಿಕ ಕಾಯಿಲೆ ಗುರುತಿಸಲು ಕಲಿಸಬಹುದು ಎಂದು ತೋರಿಸಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಆ ಪ್ರಯೋಗವನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಮಾಡಿ ನೋಡಿದರು. ಬಳ್ಳಾರಿ ಮಾದರಿ ಎಂದೇ ಅದಕ್ಕೆ ಹೆಸರಾಯಿತು. 1996ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಕಾರ್ಯಕ್ರಮ ಈಗ ದೇಶದ 767 ಜಿಲ್ಲೆಗಳಿಗೆ ಮಂಜೂರಾಗಿದೆ. ಬಳ್ಳಾರಿಯ ಆ ದಿನಗಳಲ್ಲಿ ಗಮನ ಇದ್ದದ್ದು ದೊಡ್ಡವರ ತೀವ್ರ ಕಾಯಿಲೆಗಳ ಮೇಲೆ, ಮೂರ್ಛೆರೋಗದ ಮೇಲೆ. ಆ ಕಾಲಕ್ಕೆ ಅದು ಸರಿಯಾಗಿತ್ತು. ಆಮೇಲೆ ಹಳ್ಳಿ ಹಳ್ಳಿಯ ಮಕ್ಕಳು ಹಾಸ್ಟೆಲ್ಲು, ಕೋಚಿಂಗು, ನೀಟ್ ಎಂದು ಊರು ಬಿಟ್ಟರು, ಕೈಗೆ ಮೊಬೈಲು ಬಂತು, ಮನೆಗಳು ಸಣ್ಣದಾದವು. ಜಿಲ್ಲಾ ಆಸ್ಪತ್ರೆಯ ಹತ್ತು ಹಾಸಿಗೆ ಮಾತ್ರ ದೊಡ್ಡವರ ಲೆಕ್ಕದಲ್ಲೇ ನಿಂತಿದೆ.

ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಬಸ್ ಚಾರ್ಜಿಲ್ಲದೆ ಮಾತ್ರೆ ನಿಲ್ಲಿಸುತ್ತಿದ್ದವರಿಗೆ ಅದು ದೊಡ್ಡ ಅನುಕೂಲ. ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್‌ಗಳಿವೆ. ಯುವಜನ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಯುವಸ್ಪಂದನ ಕೇಂದ್ರಗಳಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ತಮ್ಮದೇ ಓರಗೆಯವರ ಮಾತು ಕೇಳಿಸಿಕೊಳ್ಳುತ್ತಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಿ ಫೋನು ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಮನೆಯವರನ್ನು ಎಬ್ಬಿಸಲಾರದ ಮಗು ಆ ನಂಬರಿಗೆ ಫೋನು ಮಾಡಿ, ಬೆಳಿಗ್ಗೆ ನಮ್ಮಲ್ಲಿಗೆ ಬಂದದ್ದುಂಟು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಸೂಚನೆ ಕೊಟ್ಟಿತು. ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು ಎನ್ನುವುದು ಅದರಲ್ಲೊಂದು. ಕೋಚಿಂಗ್ ಸೆಂಟರುಗಳೂ ಆ ಸೂಚನೆಗಳ ವ್ಯಾಪ್ತಿಯಲ್ಲಿವೆ.

ಇವೆಲ್ಲ ಒಳ್ಳೆಯ ಬಾಗಿಲುಗಳು. ಆದರೆ ಕಾಲೇಜಿನ ಆಪ್ತಸಮಾಲೋಚಕರು, ಸಹಾಯವಾಣಿಯವರು, ಆಶಾ ಕಾರ್ಯಕರ್ತೆ ಮೂವರೂ ಕಷ್ಟದ ಮಗುವನ್ನು ಗುರುತಿಸಿ ಕೊನೆಗೆ ಕಳಿಸುವುದು ಜಿಲ್ಲಾ ಆಸ್ಪತ್ರೆಗೇ. ಗುರುತಿಸುವವರು ಹೆಚ್ಚಾದಷ್ಟೂ ಕಳಿಸಿಕೊಡುವ ಮಕ್ಕಳು ಹೆಚ್ಚಾಗುತ್ತಾರೆ. ಹಾಸಿಗೆ ಅಷ್ಟೇ ಇದೆ. ಪಾಠ ಮಾಡುವ ಮೇಷ್ಟ್ರೊಬ್ಬರು ನನಗೆ ನೇರವಾಗಿ ಕೇಳಿದರು: "ನೀವು ಬಂದು ಭಾಷಣ ಮಾಡಿದ್ರಿ, ಗುರುತಿಸ್ರಿ ಅಂದ್ರಿ, ಗುರುತಿಸಿ ಕಳಿಸಿದ್ವಿ. ನೀವು ಬೆಂಗಳೂರಿಗೆ ಹೋಗ್ರಿ ಅಂತ ಚೀಟಿ ಬರದ್ರಿ. ಮುಂದಿನ ಹುಡುಗನ ಅಪ್ಪ ನನ್ನ ಮಾತು ಯಾಕ ನಂಬಬೇಕು?" ಇದಕ್ಕೆ ಕೊಡಬಹುದಾದ ಉತ್ತರ ಒಂದೇ: ಇಲ್ಲೇ ಜಾಗ ಇರಬೇಕು.

ಖಾಸಗಿ ಆಸ್ಪತ್ರೆ ಇಲ್ಲವೇ ಎಂದು ಕೇಳುವವರಿದ್ದಾರೆ. ದೊಡ್ಡ ಊರುಗಳಲ್ಲಿ ಇವೆ, ಕೆಲವು ಬಹಳ ಚೆನ್ನಾಗಿವೆ. ಬೇರೆ ಕಾಯಿಲೆಗೆ ಹೇಗೋ ಹಾಗೆಯೇ ಮಾನಸಿಕ ಕಾಯಿಲೆಗೂ ವಿಮಾ ಕಂಪನಿಗಳು ಸೌಲಭ್ಯ ಕೊಡಬೇಕು ಎಂದು ಕಾಯ್ದೆಯ 21ನೇ ಕಲಮು ಹೇಳಿದೆ. ವಿಮೆ ಇರುವವರು ಅದನ್ನು ತಿಳಿದಿರಬೇಕು. ಇಲ್ಲ ಎಂದು ಯಾರಾದರೂ ಹೇಳಿದರೆ ಬರಹದಲ್ಲಿ ಕೊಡಿ ಎನ್ನಬೇಕು. ಆದರೆ ನಮ್ಮ ಒ.ಪಿ.ಡಿ.ಗೆ ಬರುವವರಲ್ಲಿ ಖಾಸಗಿ ವಿಮೆ ಇರುವವರು ಎಷ್ಟು ಜನ? ಹಮಾಲರು, ಕೃಷಿ ಕೂಲಿಗಳು, ಗಾರೆ ಕೆಲಸದವರು. ಅವರಿಗೆ ಇರುವುದು ಸರ್ಕಾರಿ ಆಸ್ಪತ್ರೆ ಒಂದೇ.

ಕಾಯ್ದೆಯಲ್ಲಿ ಇನ್ನೂ ಎರಡು ಕಲಮುಗಳಿವೆ, ಅವನ್ನು ಯಾರೂ ಎತ್ತಿ ಹೇಳುವುದಿಲ್ಲ. ಒಂದು 18ನೆಯದು. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು ಎನ್ನುತ್ತದೆ ಅದು. ನಿಗದಿ ಮಾಡಿದ ಕನಿಷ್ಠ ಸೇವೆ ಜಿಲ್ಲೆಯಲ್ಲಿ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬಹುದು, ಖರ್ಚು ಸರ್ಕಾರದ್ದು. ಈ ಹಕ್ಕನ್ನು ಬಳಸಿ ಹಣ ಪಡೆದ ಒಂದು ಕುಟುಂಬವನ್ನೂ ನಾನು ನಮ್ಮ ಜಿಲ್ಲೆಯಲ್ಲಿ ಕಂಡಿಲ್ಲ. ಹೀಗೊಂದು ಹಕ್ಕು ಇದೆ ಎಂದೇ ಜನಕ್ಕೆ ಗೊತ್ತಿಲ್ಲ. ಇನ್ನೊಂದು 31ನೆಯದು. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರು ಇರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಕಾಯ್ದೆ ಜಾರಿಯಾದ ಹತ್ತು ವರ್ಷದೊಳಗೆ ತಲುಪಲು ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಜಾರಿಗೆ ಬಂದದ್ದು 2018ರಲ್ಲಿ. 2028ಕ್ಕೆ ಗಡುವು ಮುಗಿಯುತ್ತದೆ. ರಾಷ್ಟ್ರೀಯ ಸಮೀಕ್ಷೆಯ ಕಾಲಕ್ಕೆ ಲಕ್ಷ ಜನಕ್ಕೆ ಮುಕ್ಕಾಲು ಮನೋವೈದ್ಯರಿದ್ದರು. ಇರಬೇಕಾದದ್ದು ಮೂವರು ಎಂದು ತಜ್ಞರು ಹೇಳುತ್ತಾರೆ.

ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿಗೆ ಅಂಟಿಕೊಂಡಂತೆ ಎರಡು ಕೋಣೆ, ಹುಡುಗರಿಗೊಂದು, ಹುಡುಗಿಯರಿಗೊಂದು. ಒಂದೊಂದರಲ್ಲಿ ಎರಡು ಮಂಚ, ಜೊತೆಗಿರುವವರಿಗೆ ಎರಡು. ಮೂರು ಪಾಳಿಗೆ ಮೂವರು ನರ್ಸುಗಳು, ಅವರಿಗೆ ನಿಮ್ಹಾನ್ಸ್ ಅಥವಾ ಧಾರವಾಡದಲ್ಲಿ ತರಬೇತಿ. ಒಬ್ಬರು ಮಕ್ಕಳ ಮನಶ್ಶಾಸ್ತ್ರಜ್ಞರು, ಗುತ್ತಿಗೆಯಲ್ಲ, ಕಾಯಂ. ಮಕ್ಕಳ ವಾರ್ಡಿನ ಪಕ್ಕವೇ ಯಾಕೆ ಎಂದರೆ ಅಲ್ಲಿಗೆ ಬರಲು ಯಾವ ತಾಯಿಯೂ ಅಂಜುವುದಿಲ್ಲ, ಊರಿನವರು ನೋಡಿದರೂ ಜ್ವರಕ್ಕೆ ಬಂದಿದ್ದೆವು ಎನ್ನಬಹುದು. ಇದು ಒಂದು ಜಿಲ್ಲೆಯ ಯೋಜನಾ ಪಟ್ಟಿಯಲ್ಲಿ ಹೊಸ ತಲೆಬರಹವಾಗಿ ಬಂದರೆ ಉಳಿದ ಜಿಲ್ಲೆಗಳಿಗೆ ದಾರಿಯಾಗುತ್ತದೆ. ಬಳ್ಳಾರಿಯಲ್ಲಿ ಆದದ್ದು ಅದೇ.

ಒಳಗಿರುವ ನಮ್ಮಂಥವರು ಬರೆದ ಟಿಪ್ಪಣಿ ಕಡತದಲ್ಲಿ ಉಳಿಯುತ್ತದೆ. ಹೊರಗಿನವರು ಕೇಳಿದರೆ ಉತ್ತರ ಕೊಡಲೇಬೇಕು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗಳ ಕಚೇರಿಗೆ ಮೂರು ಪ್ರಶ್ನೆ ಕಳಿಸಿ. ಕಳೆದ ಮೂರು ವರ್ಷಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಂದ ಹಣ ಎಷ್ಟು, ಯಾವ ತಿಂಗಳಲ್ಲಿ ಬಂತು, ಖರ್ಚಾದದ್ದೆಷ್ಟು? ಹದಿನೆಂಟರೊಳಗಿನ ಎಷ್ಟು ಮಕ್ಕಳನ್ನು ಮಾನಸಿಕ ಕಾಯಿಲೆಗೆ ಒಳರೋಗಿಯಾಗಿ ಸೇರಿಸಿಕೊಂಡಿರಿ, ಎಷ್ಟು ಮಕ್ಕಳನ್ನು ಬೇರೆ ಊರಿಗೆ ಬರೆದು ಕಳಿಸಿದಿರಿ? 87ನೇ ಕಲಮಿನಂತೆ ಅವರನ್ನು ದೊಡ್ಡವರಿಂದ ಬೇರೆ ಇಡಲು ಎಷ್ಟು ಹಾಸಿಗೆ, ಯಾವ ವಾರ್ಡಿನಲ್ಲಿ ಇವೆ? ಬಂದ ಉತ್ತರವನ್ನು ನಿಮ್ಮ ಶಾಸಕರಿಗೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಕೊಡಿ. ಮುಂದಿನ ವರ್ಷದ ಬೇಡಿಕೆಯ ಪಟ್ಟಿ ತಯಾರಾಗುವ ಮೊದಲೇ ಕೊಡಿ.